ತೋಳು ಬಿಗಿಯಾದರೆ ಕಂಕುಳಿಗೆ ಕತ್ತರಿ ಹಾಕಬೇಡಿ

ಮನೆಯಲ್ಲೇ ವೇಷದ ಜಾಕೆಟ್ ಹೊಲಿಯುವವರು ಕಾಲರ್, ಗುಂಡಿ, ಹೊಳೆಯುವ ಪಟ್ಟಿ ಎಲ್ಲ ಅಂದವಾಗಿ ಮುಗಿಸಿ, ತೋಳಿನ ಹತ್ತಿರ ಬಂದಾಗ ಅವಸರ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಿಷನ್ನಿಗೆ ಕೊಡುವ ಮೊದಲು ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ. ಬಿಚ್ಚಲು ಒಂದು ದಾರ ಎಳೆದರೆ ಸಾಕು.

ಮೊದಲು ಭುಜ ನೋಡಿ. ಭುಜದ ತುದಿಯಲ್ಲಿ ಮೂಳೆ ಕೈಗೆ ಸಿಗುತ್ತದಲ್ವಾ, ತೋಳಿನ ಹೊಲಿಗೆ ಅಲ್ಲಿಗೇ ಬರಬೇಕು. ಅದಕ್ಕಿಂತ ಕೆಳಗೆ ಜಾರಿದ್ದರೆ ತೋಳನ್ನು ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ. ಪ್ಯಾಡ್ ಇಡುವುದಿದ್ದರೆ ಈಗಲೇ ಇಡಿ. ಒಳಗೆ ದಪ್ಪ ಅಂಗಿ ಬರುತ್ತದೆ ಅಂದರೆ ಅದನ್ನೂ ಹಾಕಿಸಿಯೇ ನೋಡಿ.

ತೋಳಿನ ಮೇಲ್ಭಾಗದ ದುಂಡು ಅಂಚು ಆರ್ಮ್‌ಹೋಲ್‌ಗಿಂತ, ಅಂದರೆ ಜಾಕೆಟ್ಟಿನಲ್ಲಿ ತೋಳು ಕೂರಿಸುವ ಕಂಡಿಯ ಅಂಚಿಗಿಂತ, ಸ್ವಲ್ಪ ಉದ್ದವೇ ಇರುತ್ತದೆ. ಭುಜದ ಉಬ್ಬಿಗೆ ಆ ಬಟ್ಟೆ ಬೇಕು. ಉಣ್ಣೆ, ಮೆತ್ತನೆ ಹತ್ತಿಯಾದರೆ 2ರಿಂದ 3 ಸೆಂ.ಮೀ. ಜಾಸ್ತಿ ಇದ್ದರೂ ಆವಿ ಇಸ್ತ್ರಿಗೆ ಬಗ್ಗುತ್ತದೆ. ಪಾಲಿಯೆಸ್ಟರ್ ಸ್ಯಾಟಿನ್, ರೆಕ್ಸಿನ್ ಹಾಗೆ ಬಗ್ಗುವುದಿಲ್ಲ, ಅವಕ್ಕೆ 1 ಸೆಂ.ಮೀ. ಸಾಕು. ರೆಕ್ಸಿನ್‌ಗೆ ಗುಂಡುಪಿನ್ನು ಚುಚ್ಚಿದರೆ ತೂತು ಹಾಗೇ ಉಳಿಯುತ್ತದೆ, ಕ್ಲಿಪ್ ಹಾಕಿ. ಜಾಸ್ತಿ ಬಟ್ಟೆಯನ್ನು ಅಡಗಿಸಲು ಅಂಚಿನ ಹತ್ತಿರ ಎರಡು ಸಾಲು ಉದ್ದ ಹೊಲಿಗೆ ಹಾಕಿ, ದಾರ ಮೆಲ್ಲಗೆ ಎಳೆದು ಹಂಚಿ. ಈ ಸಡಿಲವೆಲ್ಲ ಮೇಲ್ಭಾಗದಲ್ಲೇ ಇರಲಿ, ಕಂಕುಳ ಕಡೆ ಬೇಡ. ಬುಗ್ಗೆ ತೋಳಾದರೂ ಇದೇ ಕ್ರಮ, ನೆರಿಗೆ ಮಾತ್ರ ಜಾಸ್ತಿ.

ಈಗ ತೊಡಿಸಿ, ಕೈ ಇಳಿಬಿಟ್ಟು ನಿಲ್ಲಲು ಹೇಳಿ. ಸುಕ್ಕುಗಳೇ ಎಲ್ಲಿ ತಪ್ಪಿದೆ ಎಂದು ಹೇಳುತ್ತವೆ. ತೋಳಿನ ಮೇಲ್ತುದಿಯ ಕೆಳಗೆ ಅಡ್ಡ ಮಡಿಕೆ ಬಿದ್ದರೆ ಅಲ್ಲಿ ಎತ್ತರ ಜಾಸ್ತಿಯಾಗಿದೆ, ಸ್ವಲ್ಪ ಒಳಗೆ ಹಿಡಿಯಿರಿ. ಮೇಲ್ತುದಿಯಿಂದ ಎರಡೂ ಬದಿಗೆ ಓರೆಯಾಗಿ ಎಳೆತ ಕಂಡರೆ ಎತ್ತರ ಸಾಲದು, ಅಂಚಿನಲ್ಲಿ ಬಿಟ್ಟ ಬಟ್ಟೆಯಿಂದ ಬಿಡಿಸಿಕೊಳ್ಳಿ. ಒಂದೇ ಬದಿಗೆ ಓರೆ ಸುಕ್ಕು ಇದ್ದರೆ ಬಟ್ಟೆ ಕತ್ತರಿಸುವುದೇ ಬೇಡ. ಮೇಲಿನ ಕಚ್ಚಾ ಹೊಲಿಗೆ ಬಿಚ್ಚಿ, ತೋಳನ್ನು ಅರ್ಧ ಸೆಂ.ಮೀ. ಮುಂದಕ್ಕೆ ತಿರುಗಿಸಿ ನೋಡಿ. ಸುಕ್ಕು ಜಾಸ್ತಿಯಾದರೆ ಹಿಂದಕ್ಕೆ ತಿರುಗಿಸಿ. ಇಬ್ಬರ ಕೈ ಒಂದೇ ಥರ ಇಳಿಯುವುದಿಲ್ಲ, ಹಾಗಾಗಿ ತೊಡುವವರ ಮೈಮೇಲೇ ನೋಡಬೇಕು.

ಆಮೇಲೆ ಕೈ ಎತ್ತಿಸಿ. ವೇಷ ಹಾಕಿದವರು ಕುಣಿಯುತ್ತಾರೆ, ಕತ್ತಿ ಬೀಸುತ್ತಾರೆ, ಸುಮ್ನೆ ನಿಲ್ಲುವುದಿಲ್ಲ. ಕೈ ಎತ್ತಿದಾಗ ಜಾಕೆಟ್ ಪೂರಾ ಮೇಲೆ ಬಂದರೆ ಎಲ್ಲರೂ ಕಂಕುಳನ್ನು ಇನ್ನೂ ಕೆಳಗೆ ಕತ್ತರಿಸುತ್ತಾರೆ. ಅದರಿಂದ ಎಳೆತ ಹೆಚ್ಚುತ್ತದೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರ ಇದ್ದಷ್ಟೂ ಕೈ ಸಲೀಸಾಗಿ ಆಡುತ್ತದೆ. ಆಗಲೇ ಕೆಳಗೆ ಕತ್ತರಿಸಿ ಆಗಿದ್ದರೆ ಅದೇ ಬಟ್ಟೆಯ ವಜ್ರಾಕಾರದ ತುಂಡನ್ನು ಕಂಕುಳಿಗೆ ಸೇರಿಸಿ. ತುಂಡಿನ ಒಂದೊಂದು ಬದಿ 8ರಿಂದ 10 ಸೆಂ.ಮೀ. ಇದ್ದರೆ ದೊಡ್ಡವರಿಗೆ ಸಾಕು. ಕೈ ಇಳಿಸಿದರೆ ಅದು ಕಾಣುವುದೇ ಇಲ್ಲ. ಕೈ ಮುಂದೆ ಚಾಚಿದಾಗ ಬೆನ್ನು ಬಿಗಿಯುತ್ತಿದ್ದರೆ ತೋಳಿನದೇನೂ ತಪ್ಪಿಲ್ಲ. ಬೆನ್ನಿನ ಅಗಲ ಸಾಲದು, ಅಲ್ಲಿಯ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಿ.

ಎಲ್ಲ ಒಪ್ಪಿದ ಮೇಲೆ ಮಿಷನ್ ಹೊಲಿಗೆ. ತೋಳಿನ ಕಡೆ ಮೇಲೆ ಬರುವಂತೆ ಇಟ್ಟು, ಕಂಕುಳಿಂದ ಶುರು ಮಾಡಿ. ಸುಕ್ಕು ಸಿಕ್ಕಿಕೊಂಡರೆ ಕಣ್ಣಿಗೆ ಬೀಳುತ್ತದೆ. ಕಂಕುಳ ಭಾಗಕ್ಕೆ ಎರಡನೇ ಸಾಲು ಹಾಕಿ, ಎಳೆತ ತಿನ್ನುವ ಜಾಗ ಅದು.

ಉದ್ದವನ್ನು ಕೊನೆಗೆ ನೋಡಿ. ಮೊಣಕೈ ಸ್ವಲ್ಪ ಬಗ್ಗಿಸಿ, ಮಣಿಕಟ್ಟಿನ ಮೂಳೆ ಮುಚ್ಚುವಷ್ಟು ಗುರುತು ಹಾಕಿ. ಬೆಳೆಯುವ ಮಕ್ಕಳದಾದರೆ 4 ಸೆಂ.ಮೀ. ಒಳಗೆ ಮಡಿಸಿ ಕೈಹೊಲಿಗೆ ಹಾಕಿ. ಅಂಚಿನ ಪಟ್ಟಿ, ಲೇಸು ಏನಿದ್ದರೂ ಮಡಿಕೆ ನಿಂತ ಮೇಲೇ ಹಚ್ಚಿ.