ಆಲೆಮನೆ ತಕ್ಕಡಿಯಲ್ಲಿ ತೂಗಿದ ವೀಲು

"ರೇಸಿಗೆ ಹೋಗೋರು ದೊಡ್ಡ ವೀಲ್ ಹಾಕಿಸ್ತಾರೆ, ನೀನು ಚಿಕ್ಕದಕ್ಕೆ ಇಳೀತಿದ್ದೀಯಲ್ಲೋ" ಅಂತ ಮಂಡ್ಯದ ನಮ್ಮ ಗುಂಪು ಪೂರಾ ನಗಾಡಿತ್ತು. ಹೋದ ತಿಂಗಳು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಹೋಗಿಬಂದ ಮೇಲೆ ಅವರಲ್ಲೇ ಇಬ್ಬರು ಫೋನ್ ಮಾಡಿ ಸೈಜು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಹಳೇ ಸ್ವಿಫ್ಟ್, ಪೆಟ್ರೋಲ್. ಮೊದಲು ನಾನೂ ಎಲ್ಲರ ಹಾಗೇ 17 ಇಂಚಿನ ಅಲಾಯ್ ಹಾಕಿಸಿದೆ, 205/45 ಟೈರು (ಮೊದಲಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಪಕ್ಕದ ಗೋಡೆ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ). ಸೆಕೆಂಡ್‌ಹ್ಯಾಂಡು, ಟೈರೂ ಸೇರಿ 42 ಸಾವಿರ ಇರಬೇಕು. ನಿಲ್ಲಿಸಿದಾಗ ನೋಡೋಕೆ ಚೆಂದ, ಎಂಬತ್ತು ದಾಟಿದರೆ ಸ್ಟೀರಿಂಗ್ ಗಡಗಡ. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ, ದುಡ್ಡು ದಂಡ. ಕೊನೆಗೆ ನೋಡಿದರೆ ಸ್ವಿಫ್ಟ್ ಹಬ್ (ವೀಲಿನ ನಡುತೂತು ಕೂರುವ ಗುಬ್ಬಿ) 54.1 ಮಿ.ಮೀ., ಆ ವೀಲಿನ ನಡುತೂತು 73.1. ಆ ಸಂದು ತುಂಬೋಕೆ ಮಧ್ಯೆ ರಿಂಗೇ ಇಲ್ಲ, ಬರೀ ನಟ್ಟಿನ ಮೇಲೆ ನಿಂತಿತ್ತು. ಮಾರಿದವನು ಬಾಯಿ ಬಿಟ್ಟಿರಲಿಲ್ಲ.

ರಿಂಗ್ ಹಾಕಿದೆ, ನಡುಕ ಹೋಯ್ತು. ಅಷ್ಟರಲ್ಲಿ ಕಬ್ಬಿನ ಸೀಸನ್. ರಾತ್ರಿ ಹೊತ್ತು ಕಬ್ಬಿನ ಟ್ರ್ಯಾಕ್ಟರ್ ಒಂದನ್ನು ಹಿಂದೆ ಹಾಕಲು ಹೋಗಿ ಗುಂಡಿಗೆ ಇಳಿಸಿದೆ. ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಬುಗುಟೆ, ರಿಮ್ ಬೆಂಡು. ಬೆಂಡು ತೆಗೆಸಿದರೂ ಗಾಳಿ ನಿಲ್ಲಲಿಲ್ಲ.

ಸಿಟ್ಟಿಗೆ ಆ ವೀಲ್ ಬಿಚ್ಚಿ ಮಾವನ ಆಲೆಮನೆಗೆ ಒಯ್ದು ಬೆಲ್ಲ ತೂಗುವ ತಕ್ಕಡಿ ಮೇಲೆ ಇಟ್ಟೆ. "ಏನ್ ಮಗಾ, ಚಕ್ರನೂ ಕೆ.ಜಿ. ಲೆಕ್ಕದಲ್ಲಿ ಮಾರ್ತೀಯಾ?" ಅಂದರು ಮಾವ. ಟೈರ್ ಸಮೇತ ಇಪ್ಪತ್ತು ಕೆ.ಜಿ. ದಾಟಿತು. ಕಂಪನಿಯ 14 ಇಂಚಿನ ಕಬ್ಬಿಣದ ಡಿಸ್ಕು (ಅಂದರೆ ರಿಮ್ಮು), 165/80 ಟೈರು ಸೇರಿ ಹದಿನೈದರ ಆಸುಪಾಸು. ನಾಲ್ಕು ಚಕ್ರಕ್ಕೆ ಇಪ್ಪತ್ತು ಕೆ.ಜಿ. ಜಾಸ್ತಿ ತಿರುಗಿಸಿಕೊಂಡು, ತಿರುಗಿದ್ದನ್ನು ಬ್ರೇಕ್ ಹಾಕಿ ನಿಲ್ಲಿಸಿಕೊಂಡು ಓಡಾಡುತ್ತಿದ್ದೆ, ಅದೂ ದುಡ್ಡು ಕೊಟ್ಟು!

17ರ ಸೆಟ್ಟು ಹದಿನಾರು ಸಾವಿರಕ್ಕೆ ಹೋಯ್ತು, ಬೆಂಡಾದದ್ದು ಫ್ರೀ. ಈಗ ಊರಲ್ಲಿ ಕಂಪನಿ ಡಿಸ್ಕೇ. ಗುಂಡಿಗೆ ಬಿದ್ದರೂ ಪಂಚರ್ ಅಂಗಡಿಯವನು ಸುತ್ತಿಗೆಯಲ್ಲಿ ಬಡಿದು ಕೊಡುತ್ತಾನೆ. ಟ್ರ್ಯಾಕಿಗೆ 15 ಇಂಚಿನ ಹಗುರ ಅಲಾಯ್, 195/55 ಟೈರು. ಇದೂ ತಕ್ಕಡಿಯಲ್ಲಿ ಹದಿನೈದೇ ತೂಗಿತು, ಆದರೆ ಕಂಪನಿ ಟೈರಿಗಿಂತ ಮೂರು ಸೆಂ.ಮೀ. ಅಗಲ ಜಾಸ್ತಿ. ಬೆಂಗಳೂರಲ್ಲಿ ಹುಡುಕಾಡಿ ತಂದೆ, 30 ಸಾವಿರದ ಒಳಗೆ. ಚಕ್ರದ ಒಟ್ಟು ಎತ್ತರ ಕಂಪನಿಯದಕ್ಕಿಂತ ಎರಡೂವರೆ ಸೆಂ.ಮೀ. ಕಡಿಮೆ ಆಗೋದರಿಂದ ಮೀಟರ್ ನೂರು ತೋರಿಸಿದಾಗ ನಿಜಕ್ಕೂ 96 ಇರುತ್ತೆ. ಗೇರ್ ಕೂಡ ಗಿಡ್ಡ ಆದ ಹಾಗೆ (ಅದೇ ವೇಗಕ್ಕೆ ಎಂಜಿನ್ ಜಾಸ್ತಿ ತಿರುಗುತ್ತೆ), ತಿರುವಿನಿಂದ ಚೆನ್ನಾಗಿ ಎಳೆಯುತ್ತೆ. ಊರೊಳಗೆ ಮಾತ್ರ ಬೇಡ, ನಮ್ಮ ಹಂಪುಗಳಿಗೆ ಹೊಟ್ಟೆ ಉಜ್ಜುತ್ತೆ.

ಹಿಂದಿನ ಸೀಟು ಮಡಚಿ ಈ 15ರ ನಾಲ್ಕೂ ವೀಲ್ ತುಂಬಿಕೊಂಡು, ದಿಂಬಂ ಘಾಟಿಯ 27 ತಿರುವು ಇಳಿದು ಹೋಗಿ, ಟ್ರ್ಯಾಕಲ್ಲೇ ಜಾಕ್ ಹಾಕಿ ಬದಲಾಯಿಸಿದೆ. ಹಿಂದೆ 17ರಲ್ಲಿ ಓಡಿಸಿದ್ದಕ್ಕಿಂತ ಲ್ಯಾಪಿಗೆ (ಟ್ರ್ಯಾಕಿನ ಒಂದು ಸುತ್ತಿಗೆ) ಎರಡು ಸೆಕೆಂಡಿನಷ್ಟು ಬೇಗ. ಡ್ರೈವರ್ ಅದೇ ಮಂಡ್ಯದವನು.

ನಡುವೆ ಟೈರಿಗೆ ಗಾಳಿ ಬದಲು ನೈಟ್ರೋಜನ್ ಕೂಡ ತುಂಬಿಸಿ ನೋಡಿದೆ, ನನಗಂತೂ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಗಾಳಿ ಎಷ್ಟಿರಬೇಕು ಅಂತ ತಿಳಿಯೋಕೆ ಕೆಲಸಕ್ಕೆ ಬಂದದ್ದು ಅಮ್ಮನ ರಂಗೋಲಿ ಕಡ್ಡಿ. ಟೈರಿನ ಅಂಚಿಗೆ ಅಡ್ಡ ಗೆರೆ ಎಳೆದು ಐದು ಲ್ಯಾಪ್ ಓಡಿಸಿ, ಎಲ್ಲಿಯವರೆಗೆ ಅಳಿಸಿದೆ ನೋಡಿ. ಪಕ್ಕದ ಗೋಡೆವರೆಗೂ ಅಳಿಸಿದ್ದರೆ ಗಾಳಿ ಕಡಿಮೆ ಇದೆ ಅಂತ. ನಾನು ಮುಂದೆ ಎಷ್ಟು, ಹಿಂದೆ ಎಷ್ಟು ಇಟ್ಟೆ ಅಂತ ಕೇಳಬೇಡಿ, ಫೋನ್ ಮಾಡಿದ ಆ ಇಬ್ಬರಿಗೂ ಹೇಳಿಲ್ಲ.