ಶನಿವಾರ ನೋಡಿ, ಭಾನುವಾರ ಕೊಳ್ಳಿ: ಕೊಚ್ಚಿಯಲ್ಲಿ ಎರಡು ದಿನ

ನನ್ನ ಹೆಂಡತಿ ಹಾಲು, ಮೊಸರು, ತುಪ್ಪ ಬಿಟ್ಟು ನಾಲ್ಕು ವರ್ಷವಾಯಿತು. ನನಗೆ ಹಳೇ ಪಾತ್ರೆ, ಹಳೇ ಪೆಟ್ಟಿಗೆ ಅಂದರೆ ಹುಚ್ಚು. ಅವಳಿಗೆ ಊಟ ಸಿಗುವ ಊರಲ್ಲಿ ನನಗೆ ಅಂಗಡಿ ಇರುವುದಿಲ್ಲ, ನನಗೆ ಅಂಗಡಿ ಇರುವ ಊರಲ್ಲಿ ಅವಳು ಬರೀ ಬಾಳೆಹಣ್ಣು ತಿಂದು ಮುಖ ಊದಿಸಿಕೊಂಡಿರುತ್ತಾಳೆ. ಕೊಚ್ಚಿಗೆ ಹೋದ ಮೇಲೆ ಈ ಜಗಳ ನಿಂತಿತು. ಎರಡು ಸಲ ಹೋಗಿ ಬಂದೆವು. ಮೊದಲ ಸಲ ಮಾಡಿದ ತಪ್ಪುಗಳನ್ನೂ ಸೇರಿಸಿ ಹೇಳುತ್ತೇನೆ.

ಹೊರಡುವ ಮುಂಚೆ

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಎರ್ನಾಕುಲಂ, ಅಂದರೆ ಕೊಚ್ಚಿಯ ಹೊಸ ನಗರದ ಭಾಗ. ಕನ್ಯಾಕುಮಾರಿ ಎಕ್ಸ್‌ಪ್ರೆಸ್, ಅಂದರೆ ಹಳಬರು ಈಗಲೂ ಐಲ್ಯಾಂಡ್ ಎಕ್ಸ್‌ಪ್ರೆಸ್ ಅನ್ನುತ್ತಾರಲ್ಲ, ಅದು ನಮಗೆ ಸರಿಹೋಯಿತು. ಮಂಗಳೂರಿನವರಿಗೆ ಮಾವೇಲಿ, ಮಲಬಾರ್ ಇವೆ. ಆದರೆ ಅವು ಬೆಳಗಾಗುವ ಮೊದಲೇ ತಂದು ಇಳಿಸುತ್ತವೆ, ಅದಕ್ಕೆ ತಯಾರಾಗಿರಿ. ಎರ್ನಾಕುಲಂನಲ್ಲಿ ಜಂಕ್ಷನ್ ಮತ್ತು ಟೌನ್ ಅಂತ ಎರಡು ಸ್ಟೇಷನ್. ಟಿಕೆಟ್‌ನಲ್ಲಿ ಯಾವುದಿದೆ ಅಂತ ನೋಡಿಕೊಳ್ಳಿ.

ರೂಮು ಎರ್ನಾಕುಲಂನಲ್ಲಿ ಬೇಡ, ನೀರಿನ ಆಚೆಯ ಹಳೇ ಊರು ಫೋರ್ಟ್ ಕೊಚ್ಚಿಯಲ್ಲಿ ಮಾಡಿ. ಮನೆಯವರೇ ನಡೆಸುವ ಹೋಮ್‌ಸ್ಟೇ ಬೇಕಾದಷ್ಟಿವೆ. ಬುಕ್ ಮಾಡುವಾಗ ಫೋನ್ ಮಾಡಿ, ಬೆಳಗಿನ ತಿಂಡಿಗೆ ಹಾಲು, ಮೊಟ್ಟೆ, ತುಪ್ಪ ಯಾವುದೂ ಬೇಡ ಅಂತ ಮೊದಲೇ ಹೇಳಿಬಿಡಿ. ಬೆಳಿಗ್ಗೆ ಎಂಟಕ್ಕೆ ಟೇಬಲ್ ಮುಂದೆ ಕೂತು ಹೇಳಿದರೆ ಬ್ರೆಡ್ಡು-ಜಾಮೇ ಗತಿ. ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡವೇ ಬೇಡ. ಕಾರ್ನಿವಲ್ ಜನ, ರೂಮಿನ ಬಾಡಿಗೆ ಎರಡೂ ತಲೆ ಮೇಲೆ ಹೋಗಿರುತ್ತವೆ. ನೆಮ್ಮದಿ ಬೇಕಾದರೆ ಮಳೆಗಾಲವೇ ಒಳ್ಳೇದು.

ಎರ್ನಾಕುಲಂನಿಂದ ಫೋರ್ಟ್ ಕೊಚ್ಚಿಗೆ ಆಟೊ ಹಿಡಿಯಬೇಡಿ, ದೋಣಿಯಲ್ಲಿ ಹೋಗಿ. ಸರ್ಕಾರಿ ಬೋಟು ಕೆಲವೇ ರೂಪಾಯಿ. 2023ರಲ್ಲಿ ಶುರುವಾದ ವಾಟರ್ ಮೆಟ್ರೊ ಹೈಕೋರ್ಟ್ ಜೆಟ್ಟಿಯಿಂದ ಹೋಗುತ್ತದೆ, ಏಸಿ ಇದೆ. ಆದರೂ ನನ್ನ ಮತ ಹಳೇ ಬೋಟಿಗೇ, ಗಾಳಿ ಮುಖಕ್ಕೆ ಬಡಿಯುತ್ತದೆ.

ಊಟದ ವಿಷಯ

ಕೇರಳದಲ್ಲಿ ವೀಗನ್, ಅಂದರೆ ಹಾಲು, ತುಪ್ಪ, ಮೊಟ್ಟೆ, ಮಾಂಸ ಯಾವುದೂ ಇಲ್ಲದ ಊಟ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ಅಲ್ಲಿ ಹಾಲಿನ ಕೆಲಸವನ್ನು ತೆಂಗಿನಹಾಲು ಮಾಡುತ್ತದೆ. ಪುಟ್ಟು ಮತ್ತು ಕಡಲೆ ಕರಿ, ಇಡಿಯಪ್ಪ, ಅಪ್ಪಂ ಜೊತೆ ತರಕಾರಿ ಸ್ಟ್ಯೂ, ಬೇಯಿಸಿದ ಮರಗೆಣಸಿಗೆ ಖಾರದ ಚಮ್ಮಂದಿ (ಚಟ್ನಿ), ಇವೆಲ್ಲ ಹುಟ್ಟಿನಿಂದಲೇ ವೀಗನ್. ಯಾರೂ ಹಾಗೆ ಕರೆಯುವುದಿಲ್ಲ ಅಷ್ಟೇ. ಟೀ ಅಂಗಡಿಯಲ್ಲಿ 'ಕಟ್ಟನ್ ಚಾಯ' ಅನ್ನಿ, ಹಾಲಿಲ್ಲದ ಟೀ ಬರುತ್ತದೆ. ಜೊತೆಗೆ ಪಳಂಪೊರಿ, ಅಂದರೆ ನೇಂದ್ರ ಬಾಳೆಹಣ್ಣಿನ ಬಜ್ಜಿ. ಮಧ್ಯಾಹ್ನ ನಾಲ್ಕಕ್ಕೆ ಇದಕ್ಕಿಂತ ಇನ್ನೇನು ಬೇಕು?

ಎಡವಟ್ಟಾಗುವುದು ಬಾಳೆಎಲೆ ಊಟದಲ್ಲಿ. ತೋರನ್, ಎರಿಶ್ಶೇರಿ, ಕೂಟ್ಟುಕರಿ, ಓಲನ್ ಧೈರ್ಯವಾಗಿ ತಿನ್ನಿ. ಓಲನ್ ಅಂದರೆ ಬೂದುಗುಂಬಳಕಾಯಿ, ಅಲಸಂದೆಗೆ ತೆಂಗಿನಹಾಲು ಹಾಕಿ ಮಾಡಿದ್ದು, ಮಸಾಲೆಯ ಗದ್ದಲವೇ ಇಲ್ಲ. ಕಾಳನ್, ಪುಳಿಶ್ಶೇರಿ, ಪಚ್ಚಡಿ, ಕಿಚ್ಚಡಿ ಮೊಸರಿನವು, ಬಿಡಿ. ಅವಿಯಲ್ ಕೇಳಿಕೊಂಡೇ ತಿನ್ನಬೇಕು, ಕೆಲವರು ಮೊಸರು ಹಾಕುತ್ತಾರೆ, ಕೆಲವರು ಮಾವಿನಕಾಯಿ. ಎಲ್ಲಕ್ಕಿಂತ ಮೊದಲು ಅನ್ನಕ್ಕೆ ಪರಿಪ್ಪು, ಅಂದರೆ ತೊವ್ವೆ ಬರುತ್ತದೆ, ಅದರ ಹಿಂದೆಯೇ ತುಪ್ಪದ ಚಮಚ. ಆ ಚಮಚ ನೀವು ಬಾಯಿ ತೆರೆಯುವ ಮೊದಲೇ ಎಲೆ ಮೇಲೆ ಬಗ್ಗಿರುತ್ತದೆ. ಕೈ ಅಡ್ಡ ಹಿಡಿಯಿರಿ. ಪಾಯಸದಲ್ಲಿ ಪಾಲಡ ಹಾಲಿನದು. ಅಡಪ್ರಥಮನ್ ಬೆಲ್ಲ, ತೆಂಗಿನಹಾಲಿನದು, ಆದರೆ ಅದರಲ್ಲೂ ತುಪ್ಪ ಸೇರುವುದುಂಟು, ಕೇಳಿ.

ವೀಗನ್ ಅನ್ನುವ ಪದ ಚಿಕ್ಕ ಹೋಟೆಲಿನಲ್ಲಿ ನಡೆಯುವುದಿಲ್ಲ. 'ವೆಜ್' ಅಂತ ಅರ್ಥ ಮಾಡಿಕೊಂಡು ನಗುತ್ತಾ ಮೊಸರು ತರುತ್ತಾರೆ. ಅದಕ್ಕೆ ಬೇಡದ್ದನ್ನೇ ಒಂದೊಂದಾಗಿ ಹೇಳಿ: ನೆಯ್ಯ್ ವೇಂಡ (ತುಪ್ಪ ಬೇಡ), ಪಾಲ್ ವೇಂಡ (ಹಾಲು ಬೇಡ), ತೈರ್ ವೇಂಡ (ಮೊಸರು ಬೇಡ), ಮೋರ್ ವೇಂಡ (ಮಜ್ಜಿಗೆ ಬೇಡ). ಮೀನು ಕರಿದ ಎಣ್ಣೆಯಲ್ಲೇ ಬಜ್ಜಿ ಕರಿಯುತ್ತಾರಾ ಅಂತಲೂ ವಿಚಾರಿಸಿ. ಪರೋಟದಲ್ಲಿ ಮೊಟ್ಟೆ, ಹಾಲು ಇರಬಹುದು, ನಾವು ಮುಟ್ಟುವುದಿಲ್ಲ. ಕರಾವಳಿಯ ಕೊಂಕಣಿಗರಿಗೆ ಇನ್ನೊಂದು ಅನುಕೂಲ. ಫೋರ್ಟ್ ಕೊಚ್ಚಿ ಪಕ್ಕದ ಮಟ್ಟಾಂಚೇರಿಯ ಚೆರ್ಲಾಯಿ ಭಾಗದಲ್ಲಿ, ತಿರುಮಲ ದೇವಸ್ವಂ ದೇವಸ್ಥಾನದ ಸುತ್ತ, ಗೋವಾ ಬಿಟ್ಟು ಬಂದ ಗೌಡ ಸಾರಸ್ವತರು ತಲೆಮಾರುಗಳಿಂದ ಇದ್ದಾರೆ. ಅಲ್ಲಿ 'ತೂಪ್ ನಾಕಾ' (ತುಪ್ಪ ಬೇಡ) ಅಂದರೂ ಸಾಕು.

ಶನಿವಾರ: ಜೇಬಿಗೆ ಕೈ ಹಾಕಬೇಡಿ

ಹಳೇ ಸಾಮಾನಿನ ಅಂಗಡಿಗಳೆಲ್ಲ ಮಟ್ಟಾಂಚೇರಿಯ ಜ್ಯೂ ಟೌನ್ ಬೀದಿಯಲ್ಲಿವೆ. ಅಲ್ಲಿ ಇಷ್ಟೊಂದು ಸಾಮಾನು ಬಂದದ್ದು ಸುಮ್ನೆ ಅಲ್ಲ. ಇಸ್ರೇಲ್ ಹುಟ್ಟಿದ ಮೇಲೆ ಇಲ್ಲಿನ ಯಹೂದಿಗಳು ಒಬ್ಬೊಬ್ಬರಾಗಿ ಹೊರಟುಹೋದರು, ಮನೆಗಳು ಅಂಗಡಿಗಳಾದವು. ಆ ಕಡೆ ಕೇರಳದ ದೊಡ್ಡ ತರವಾಡು ಮನೆಗಳು, ಅಂದರೆ ಕೂಡುಕುಟುಂಬದ ಹಳೇ ಮನೆಗಳು ಪಾಲಾದವು, 1975ರಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನೇ ಕಾನೂನಿನಿಂದ ತೆಗೆದುಹಾಕಿದರು. ಮನೆ ಕೆಡವಿದಾಗ ಬಾಗಿಲು, ಕಂಬ, ಉರುಳಿ (ಅಗಲ ಬಾಯಿಯ ಕಂಚಿನ ಪಾತ್ರೆ), ಭರಣಿ ಎಲ್ಲ ಮಾರಾಟಕ್ಕೆ ಬಂದವು.

ಶನಿವಾರ ಬರೀ ನೋಡಿ. ಆಟೊದವರು 'ನಮ್ಮ ಗುರುತಿನ ಅಂಗಡಿ' ಅಂದರೆ ನಯವಾಗಿ ಬೇಡ ಅನ್ನಿ, ಅವರ ಕಮಿಷನ್ ನಿಮ್ಮ ಬೆಲೆಯೊಳಗೇ ಕೂತಿರುತ್ತದೆ. ಫೋರ್ಟ್ ಕೊಚ್ಚಿಯಿಂದ ನಡೆದುಕೊಂಡೇ ಹೋಗಬಹುದು. ಶುಂಠಿ, ಮೆಣಸಿನ ಗೋದಾಮುಗಳ ವಾಸನೆ ದಾರಿಯುದ್ದಕ್ಕೂ ಬರುತ್ತದೆ. 1568ರ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಶನಿವಾರ ಮುಚ್ಚಿರುತ್ತದೆ, ಅದನ್ನು ಭಾನುವಾರಕ್ಕಿಡಿ. ನೆಲದ ನೀಲಿ-ಬಿಳಿ ಚೀನೀ ಟೈಲುಗಳನ್ನು ಕೂತು ನೋಡಿ, ಕೈಯಲ್ಲಿ ಬರೆದವು, ಒಂದರಂತೆ ಇನ್ನೊಂದಿಲ್ಲ ಅನ್ನುತ್ತಾರೆ. ಪಕ್ಕದ ಮಟ್ಟಾಂಚೇರಿ ಅರಮನೆಗೆ ರಜೆ ಶುಕ್ರವಾರ.

ಈಗ ನನ್ನ ಕಥೆ. ಮೊದಲ ಸಲ ಹೋದಾಗ ಇಪ್ಪತ್ತು ನಿಮಿಷದಲ್ಲಿ ಒಂದು ಉರುಳಿ ಕೊಂಡೆ. ಅಂಗಡಿಯವನು 'ತರವಾಡಿನದು ಸಾರ್, ನೂರಿಪ್ಪತ್ತು ವರ್ಷ' ಅಂದ. ಕಪ್ಪಗೆ, ಗಂಭೀರವಾಗಿತ್ತು. ಮನೆಗೆ ತಂದು ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಸಿಂಕಿನಲ್ಲಿ ಕಪ್ಪು ನೀರು ಹರಿಯಿತು, ಆ ನೂರಿಪ್ಪತ್ತು ವರ್ಷ ಹತ್ತು ನಿಮಿಷದಲ್ಲಿ ಹೋಯಿತು. ಒಳಗೆ ಪಳಪಳ ಹೊಸ ಲೋಹ.

ಆಮೇಲೆ ಕಲಿತದ್ದು ಇಷ್ಟು. ಉರುಳಿಯ ಬಣ್ಣ ನೋಡಬೇಡಿ, ಒಳಗಿನ ತಳಕ್ಕೆ ಬೆರಳಾಡಿಸಿ. ವರ್ಷಗಟ್ಟಲೆ ಪಾಯಸ ಕಲಕಿದ ಪಾತ್ರೆಯಲ್ಲಿ ಸೌಟಿನ ಗೀರುಗಳು ದುಂಡಗೆ, ಒಂದರ ಮೇಲೊಂದು ಬಿದ್ದಿರುತ್ತವೆ. ಹೊರಗಿನ ತಳದಲ್ಲಿ ಸೌದೆ ಒಲೆಯ ಕಿಟ್ಟ ಗಟ್ಟಿಯಾಗಿ ಹಿಡಿದಿರುತ್ತದೆ, ಒದ್ದೆ ಬಟ್ಟೆಗೆ ಬರುವುದಿಲ್ಲ. ಬಟ್ಟೆ ಕಪ್ಪಾದರೆ ಕೆಳಗಿಡಿ. ಅಂಚಿಗೆ ಬೆರಳ ಗೆಣ್ಣಿನಿಂದ ತಟ್ಟಿ, ಒಳ್ಳೆಯ ಕಂಚು ಗಂಟೆಯ ಹಾಗೆ ಎಳೆದು ದನಿ ಕೊಡುತ್ತದೆ. ಭರಣಿಗೂ ಅದೇ ಪರೀಕ್ಷೆ, ಬಿರುಕಿದ್ದರೆ ದಪ್ ಅನ್ನುತ್ತದೆ. ಮುಚ್ಚಳ ತೆಗೆದು ಮೂಸಿಯೂ ನೋಡಿ, ಉಪ್ಪಿನಕಾಯಿ ತಿಂದ ಭರಣಿ ತೊಳೆದರೂ ಸುಳ್ಳು ಹೇಳುವುದಿಲ್ಲ. ನೆಟ್ಟೂರು ಪೆಟ್ಟಿ, ಅಂದರೆ ಹಿತ್ತಾಳೆ ಪಟ್ಟಿ ಹೊಡೆದ ಆಭರಣದ ಪೆಟ್ಟಿಗೆ, ಈಗಲೂ ಹೊಸದಾಗಿ ಮಾಡುತ್ತಾರೆ. ಹೊಸದೂ ಚೆನ್ನಾಗಿರುತ್ತದೆ, ಆದರೆ ಹೊಸದರ ಬೆಲೆ ಕೊಡಿ.

ಭಾನುವಾರ: ಕೊಳ್ಳುವುದು

ರಾತ್ರಿ ಮಲಗಿದ ಮೇಲೂ ನೆನಪಿನಲ್ಲಿ ಉಳಿದ ಒಂದೋ ಎರಡೋ ಸಾಮಾನಿಗೆ ಮಾತ್ರ ವಾಪಸ್ ಹೋಗಿ. ಎರಡನೇ ದಿನ ಬಂದವರ ಜೊತೆ ಅಂಗಡಿಯವರ ಮಾತೇ ಬೇರೆ, ಬೆಲೆಯೂ ತಾನಾಗಿಯೇ ಇಳಿಯುತ್ತದೆ. ಬಿಲ್ಲು ತೆಗೆದುಕೊಳ್ಳಿ, ಅದರಲ್ಲಿ ಸಾಮಾನಿನ ವಿವರ ಬರೆಸಿ.

ಕಾನೂನೂ ಸ್ವಲ್ಪ ಗೊತ್ತಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತು ಮಾರುವವರಿಗೆ ಲೈಸೆನ್ಸ್ ಬೇಕು. ಹಳೇ ವಿಗ್ರಹ, ಚಿತ್ರಗಳಿಗೆ ನೋಂದಣಿಯೂ ಬೇಕು. ಹಾಗಾಗಿ ಯಾರಾದರೂ 'ಇನ್ನೂರು ವರ್ಷದ ವಿಗ್ರಹ' ಅಂದರೆ ಕಾಗದ ತೋರಿಸಿ ಅನ್ನಿ, ತಕ್ಷಣ ಅದರ ವಯಸ್ಸು ಇಳಿಯುವುದನ್ನು ನೋಡಬಹುದು. ಅಂಥ ವಸ್ತುವನ್ನು ದೇಶದ ಹೊರಗೆ ಒಯ್ಯುವ ಹಾಗೇ ಇಲ್ಲ, ದುಬೈ, ಅಮೆರಿಕದಿಂದ ಬಂದ ನಂಟರಿಗೆ ಹೇಳಿ. ಹಳೇದಾಗಿ ಕಾಣುವ ಹೊಸ ಸಾಮಾನಿಗೂ, ಇದು ಪುರಾತನ ವಸ್ತು ಅಲ್ಲ ಅಂತ ಪುರಾತತ್ವ ಇಲಾಖೆಯ ಪ್ರಮಾಣಪತ್ರ ಕೈಯಲ್ಲಿದ್ದರೆ ಏರ್‌ಪೋರ್ಟಿನಲ್ಲಿ ತಲೆನೋವಿಲ್ಲ. ಆನೆದಂತದ್ದು ಏನೇ ತೋರಿಸಿದರೂ ಮುಂದಿನ ಅಂಗಡಿಗೆ ನಡೆಯಿರಿ.

ಕೊನೆಯದು ಅಳತೆ. ರೈಲಿನಲ್ಲಿ ಸೀಟಿನ ಕೆಳಗೆ ಹಿಡಿಸುವುದನ್ನು ಮಾತ್ರ ಕೊಳ್ಳಿ. ಎರಡನೇ ಸಲ ನಾನು ಮೊಣಕಾಲುದ್ದದ ಒಂದು ಕಂದು ಭರಣಿ ತಂದೆ. ಹೊರಗೆ ಎರಡು ಪಂಚೆ ಸುತ್ತಿದೆ. ಒಳಗೆ ಹೆಂಡತಿ ಕೊಬ್ಬರಿ ಎಣ್ಣೆಯಲ್ಲಿ ಕರಿದ ನೇಂದ್ರ ಚಿಪ್ಸ್ ಪೊಟ್ಟಣಗಳನ್ನು ಕಂಠದವರೆಗೆ ತುರುಕಿದಳು. ಪಾಲಕ್ಕಾಡ್ ಬರುವಷ್ಟರಲ್ಲಿ ಅರ್ಧ ಭರಣಿ ಖಾಲಿಯಾಗಿತ್ತು.