ಕಾಮಿಕ್ಸ್ ಪ್ರೆಸಿಂಗಿಗೆ ಕಳಿಸೋ ಮೊದಲು

ಪ್ರೆಸಿಂಗ್ ಅಂದ್ರ ಕಾಮಿಕ್ಸ್ ಪುಸ್ತಕದ ತಗ್ಗು, ಮಡಿಕೆ ಹೋಗಲಿ ಅಂತ ಬಿಸಿ ಪ್ರೆಸ್ಸಿನಾಗ ಒತ್ತೋದು. ಕಲಬುರಗಿ ಬ್ಯಾಸಿಗಿಯಾಗ ಹಳೆ ನ್ಯೂಸ್‌ಪ್ರಿಂಟ್ ಹಾಳೆ ಒಣಗಿ ಗರಿಗರಿ ಆಗಿರ್ತದ. ಹಾಂಗೇ ಬಿಸಿ ಪ್ರೆಸ್ಸಿಗೆ ಹೋದ್ರ ಬೆನ್ನು ಸೀಳ್ತದ, ಪಿನ್ನಿನ ಸುತ್ತ ಮುಖಪುಟ ಹರೀತದ. ಹದಕ್ಕ ತೇವ ಕೊಟ್ಟ ಮ್ಯಾಲೇ ಒತ್ರಿ ಅಂತ ಮೊದಲೇ ಹೇಳ್ರಿ. ತೇವ ಹೆಚ್ಚಾದ್ರೂ ಕಷ್ಟ: ಪಿನ್ನು ತುಕ್ಕು, ಹಾಳೆ ಅಲೆಅಲೆ.

ಬಣ್ಣ ಒಡೀದೇ ಇರೋ ತಗ್ಗು, ಸಣ್ಣ ಮಡಿಕೆ ಬಹಳಷ್ಟು ಹೋಗ್ತಾವ. ಬಣ್ಣ ಒಡೆದ ಬಿಳಿ ಗೀರು ಹೋಗಂಗಿಲ್ಲ. ಅದಕ್ಕ ಟಾರ್ಚ್ ಓರೆ ಹಿಡಿದು ಎರಡೂ ಮುಖಪುಟ, ಬೆನ್ನು, 4 ಮೂಲಿ, ನಡುಪುಟದ ಪಿನ್ನು ಫೋಟೋ ತಗೀರಿ. ಇವಿಲ್ಲದ ‘ನಿಮ್ಮಲ್ಲೇ ಹಾಳಾತು’ ಅಂದ್ರ ಯಾರು ಕೇಳ್ತಾರ?

ಪುಸ್ತಕ ಹಾಕಿದ ಪ್ಲಾಸ್ಟಿಕ್ ಕವರಿನ ಬಾಯಿಗೆ ಟೇಪ್ ಬಿಟ್ಟಿದ್ರ ಪುಸ್ತಕ ತಗಿಯುವಾಗ ಮುಖಪುಟಕ್ಕ ಹತ್ತಿ ಸಿಪ್ಪಿ ಎಬ್ಬಸ್ತದ.

ವಾಪಸ್ ಬಂದ ಪಾರ್ಸೆಲ್ ಬಿಚ್ಚೋದು ವಿಡಿಯೋ ಮಾಡ್ರಿ. ಗ್ರೇಡಿಂಗಿಗೂ (ಪುಸ್ತಕದ ಸ್ಥಿತಿಗೆ ಅಂಕ ಕೊಡೋದು) ಹೋಗಿ ಸ್ಲ್ಯಾಬಿನಾಗ (ಮುಚ್ಚಿದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ) ಬಂದಿದ್ರ, ಒಳಗ ಮೂಲಿ ಬಾಗಿದ್ದು ಕಂಡ್ರೂ ಸ್ಲ್ಯಾಬ್ ಒಡೀಬ್ಯಾಡ್ರಿ, ಒಡೆದ್ರ ಆ ಗ್ರೇಡ್ ಲೆಕ್ಕಕ್ಕ ಬರಂಗಿಲ್ಲ.